ಮುಂಗಾರಿನ ಮುನ್ನರಿವು: ಒಂದು ಅನ್ವೇಷಣೆಯ ಚರಿತ್ರೆ

ಕನ್ನಡ ನಾಡಿನ ರೈತನು ಮಳೆಗಾಲವನ್ನು ಎಂದೂ ಇಡಿಗಂಟಾಗಿ ಎಣಿಸಿದವನಲ್ಲ. ಅಶ್ವಿನಿ ಭರಣಿಗಳಿಂದ ತೊಡಗಿ ಸ್ವಾತಿ ವಿಶಾಖೆಗಳವರೆಗೆ, ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸಂಚರಿಸುವ ಹದಿಮೂರು ಹದಿನಾಲ್ಕು ದಿನಗಳ ಅವಧಿಗೆ ಒಂದೊಂದು ಮಳೆಯೆಂದು ಹೆಸರಿಟ್ಟು, ಮೃಗಶಿರೆ ಚೆನ್ನಾಗಿ ಆಯಿತು, ಆರಿದ್ರೆ ಕೈಕೊಟ್ಟಿತು, ಪುಷ್ಯ ಹಿಡಿದದ್ದು ಬಿಡಲಿಲ್ಲ, ಉತ್ತರೆ ಹದಮಾಡಿತು ಎಂದು ಪ್ರತಿಯೊಂದರ ನಡತೆಯನ್ನೂ ಬೇರೆಬೇರೆಯಾಗಿ ನೆನಪಿನಲ್ಲಿ ಇಟ್ಟುಕೊಂಡವನು ಅವನು. ಬೆಳೆಗೆ ಬೇಕಾದುದು ವರ್ಷದ ಮೊತ್ತಕ್ಕಿಂತ ಮಿಗಿಲಾಗಿ ಕಾಲಕ್ಕೆ ಸರಿಯಾದ ಹಂಚಿಕೆ ಎಂಬ ತಲೆತಲಾಂತರದ ಅನುಭವ ಈ ಎಣಿಕೆಯ ಹಿಂದಿದೆ. ಆದರೆ ಒಂದು ವರ್ಷ ತಪ್ಪದೆ ಬಂದ ಮಳೆ ಮತ್ತೊಂದು ವರ್ಷ ಏಕೆ ಬಾರದೆ ಹೋಯಿತು, ಬಂದದ್ದು ಪೈರು ಮೊಣಕಾಲೆತ್ತರ ಬೆಳೆದಾಗಲೇ ಏಕೆ ನಿಂತುಹೋಯಿತು ಎಂಬ ಪ್ರಶ್ನೆಗಳಿಗೆ ಪಂಚಾಂಗದಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಅರಸುವ ಕಾರ್ಯ ಸುಮಾರು ಒಂದೂವರೆ ಶತಮಾನದ ಹಿಂದೆ ಒಂದು ಘೋರ ಕ್ಷಾಮದ ಒತ್ತಾಯದಿಂದ ಕ್ರಮಬದ್ಧವಾಗಿ ಆರಂಭವಾಯಿತು; ಅದು ಮುಂದುವರಿದ ಬಗೆಯನ್ನು ನೋಡಿದರೆ, ವಿದ್ವಾಂಸರ ದೃಷ್ಟಿಯನ್ನು ದೂರದೂರಕ್ಕೆ ಒಯ್ದದ್ದು ಅವರ ಯಶಸ್ಸಿಗಿಂತ ಹೆಚ್ಚಾಗಿ ಅವರ ಮುನ್ಸೂಚನೆಗಳ ಸೋಲೇ ಎಂಬುದು ಸ್ಪಷ್ಟವಾಗುತ್ತದೆ.

ಮಾರುತಗಳ ಪರಿಚಯ ಮನುಷ್ಯನಿಗೆ ಹೊಸದೇನೂ ಅಲ್ಲ. ಅರಬ್ಬೀ ಸಮುದ್ರವನ್ನು ಹಾಯ್ದು ನಮ್ಮ ಪಶ್ಚಿಮ ಕರಾವಳಿಯ ರೇವುಗಳಿಗೆ ಮೆಣಸನ್ನು ಕೊಳ್ಳಲು ಬರುತ್ತಿದ್ದ ನಾವಿಕರು, ಬೇಸಗೆಯಲ್ಲಿ ನೈಋತ್ಯದಿಂದಲೂ ಚಳಿಗಾಲದಲ್ಲಿ ಈಶಾನ್ಯದಿಂದಲೂ ಬೀಸುವ ಗಾಳಿಯ ಮೇಲೆಯೇ ತಮ್ಮ ಹೋಗುಬರವನ್ನು ನಿಲ್ಲಿಸಿಕೊಂಡಿದ್ದರು. 1686ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಎಡ್ಮಂಡ್ ಹ್ಯಾಲಿಯು ನೆಲವೂ ಕಡಲೂ ಬಿಸಿಲಿಗೆ ಬೇರೆಬೇರೆ ಪ್ರಮಾಣದಲ್ಲಿ ಕಾಯುವುದೇ ಈ ಗಾಳಿಗಳ ತಿರುವಿಗೆ ಕಾರಣವೆಂದು ಪ್ರತಿಪಾದಿಸಿದನು; 1735ರಲ್ಲಿ ಜಾರ್ಜ್ ಹ್ಯಾಡ್ಲಿಯು ಭೂಮಿಯ ಭ್ರಮಣೆಯ ಪರಿಣಾಮವನ್ನು ಅದಕ್ಕೆ ಸೇರಿಸಿದನು. ಮುಂಗಾರು ಪ್ರತಿವರ್ಷವೂ ಏಕೆ ಬರುತ್ತದೆಂಬುದಕ್ಕೆ ಇವು ಒಂದು ಬಗೆಯ ಸಮಾಧಾನ. ಆದರೆ ಬಿಸಿಲು ಯಾವ ವರ್ಷವೂ ತಪ್ಪುವುದಿಲ್ಲ, ಮಳೆ ತಪ್ಪುತ್ತದೆ. ಈ ವ್ಯತ್ಯಾಸಕ್ಕೆ ಆ ಸಿದ್ಧಾಂತಗಳು ಏನನ್ನೂ ಹೇಳಲಾರದಾಗಿದ್ದುವು.

1876ರಲ್ಲಿ ದಕ್ಷಿಣಾಪಥದ ಮುಂಗಾರು ಸೋತಿತು. ಅದರ ಬೆನ್ನಿಗೇ ಹಿಂಗಾರೂ ಸೋತಿತು. ಮರುವರ್ಷ 1877ರಲ್ಲಿ ಇಡೀ ಭರತಖಂಡದ ಮುಂಗಾರೇ ಹಿಂದೆಂದೂ ಕಾಣದಷ್ಟು ಕ್ಷೀಣವಾಯಿತು. ಧಾತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ಎರಡು ಮೂರು ತಲೆಮಾರುಗಳವರೆಗೆ ನಡುಗುತ್ತ ನೆನೆದದ್ದು ಇದನ್ನೇ. ಹಗೇವುಗಳು ಬರಿದಾಗಿ, ಕೆರೆಗಳು ಬಿರಿದು, ಊರಿಗೆ ಊರೇ ಗಂಜಿಯ ಕೇಂದ್ರಗಳ ಕಡೆಗೆ ನಡೆದ ಆ ಕಾಲದಲ್ಲಿ ಮೈಸೂರು ಸಂಸ್ಥಾನ ಅನುಭವಿಸಿದ ನಷ್ಟವನ್ನು ಜನಗಣತಿಯ ಎರಡು ಅಂಕಿಗಳೇ ಹೇಳುತ್ತವೆ: 1871ರಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಪ್ರಜಾಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಮೆಯಾಗಿತ್ತು. ಆ ವರ್ಷಗಳಲ್ಲಿಯೇ ಉತ್ತರ ಚೀನಾದಲ್ಲಿಯೂ ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿಯೂ ಮಳೆಯಿಲ್ಲದೆ ಲಕ್ಷಗಟ್ಟಲೆ ಜನ ಸಾಯುತ್ತಿದ್ದರು. ಕೋಲಾರದ ಒಬ್ಬ ಒಕ್ಕಲಿಗನಿಗೂ ಬ್ರೆಜಿಲಿನ ಒಬ್ಬ ದನಗಾಹಿಗೂ ಒಂದೇ ಕಾರಣದಿಂದ ಒಂದೇ ಕಾಲದಲ್ಲಿ ಅನ್ನ ತಪ್ಪಿರಬಹುದೆಂಬ ಶಂಕೆ ಅಂದು ಯಾರಿಗೂ ಬರುವಂತಿರಲಿಲ್ಲ.

ಭಾರತದ ಹವಾಮಾನ ಇಲಾಖೆ ಸ್ಥಾಪಿತವಾದದ್ದು ಈ ಕ್ಷಾಮಕ್ಕೆ ಒಂದೇ ವರ್ಷ ಮೊದಲು, 1875ರಲ್ಲಿ. ಅದರ ಮೊದಲ ಅಧಿಕಾರಿ ಹೆನ್ರಿ ಬ್ಲಾನ್‌ಫರ್ಡ್ ಭೂಗರ್ಭಶಾಸ್ತ್ರದ ಹಿನ್ನೆಲೆಯುಳ್ಳವನು. ಕ್ಷಾಮದ ವರ್ಷಗಳಲ್ಲಿ ಭಾರತದ ಮೇಲಣ ವಾಯುಭಾರ ವಾಡಿಕೆಗಿಂತ ಹೆಚ್ಚಾಗಿತ್ತೆಂಬುದನ್ನೂ, ಆ ಹೆಚ್ಚಳ ಭಾರತಕ್ಕೆ ಮಾತ್ರ ಸೀಮಿತವಾಗಿರದೆ ಸುತ್ತಣ ವಿಸ್ತಾರವಾದ ಪ್ರದೇಶಗಳನ್ನೆಲ್ಲ ವ್ಯಾಪಿಸಿತ್ತೆಂಬುದನ್ನೂ ಅವನು ಗಮನಿಸಿದನು. ಆದರೂ ಮಳೆಯನ್ನು ಮುಂದಾಗಿ ಅರಿಯುವ ಉಪಾಯವನ್ನು ಅವನು ಹುಡುಕಿದ್ದು ಮನೆಯ ಹತ್ತಿರದಲ್ಲಿಯೇ. ಹಿಮಾಲಯದಲ್ಲಿ ಚಳಿಗಾಲದ ಹಿಮ ಅತಿಶಯವಾಗಿ ಬಿದ್ದು ವಸಂತದವರೆಗೂ ಕರಗದೆ ಉಳಿದರೆ, ನೆಲ ಸಾಕಷ್ಟು ಕಾಯದೆ ಮುಂಗಾರು ದುರ್ಬಲವಾಗುವುದೆಂದು ತರ್ಕಿಸಿ, 1884ರಲ್ಲಿ ಆ ವಿಚಾರವನ್ನು ಪ್ರಕಟಿಸಿ, 1886ರ ಜೂನ್ ತಿಂಗಳಿನಲ್ಲಿ ಹಿಮದ ಆಧಾರದ ಮೇಲೆ ಭಾರತ ಮತ್ತು ಬರ್ಮಾಗಳ ಮುಂಗಾರಿಗೆ ಕ್ರಮಬದ್ಧವಾದ ಮೊದಲ ದೀರ್ಘಾವಧಿ ಮುನ್ಸೂಚನೆಯನ್ನು ಅವನು ಹೊರಡಿಸಿದನು.

ಅವನ ತರುವಾಯ ಬಂದ ಜಾನ್ ಎಲಿಯಟ್ ಹಿಮದೊಡನೆ ಹಿಂದೂ ಮಹಾಸಾಗರದ ಗಾಳಿ, ಆಸ್ಟ್ರೇಲಿಯದ ಸ್ಥಿತಿ ಮೊದಲಾದುವನ್ನೂ ಸೇರಿಸಿ, ಪ್ರತಿವರ್ಷವೂ ಹತ್ತಾರು ಪುಟಗಳ ದೀರ್ಘವಾದ ಮುನ್ಸೂಚನೆಗಳನ್ನು ಬರೆದನು. 1899ರಲ್ಲಿ ಮಳೆ ಚೆನ್ನಾಗಿಯೇ ಆಗುವುದೆಂದು ಅವನ ಭರವಸೆಯಾಗಿತ್ತು. ಆದದ್ದಾದರೋ ಶತಮಾನದ ಅತಿ ದೊಡ್ಡ ಅನಾವೃಷ್ಟಿಗಳಲ್ಲೊಂದು. ಪತ್ರಿಕೆಗಳ ಟೀಕೆ ಎಷ್ಟು ಕಟುವಾಯಿತೆಂದರೆ, ಮುಂದಿನ ಕೆಲವು ವರ್ಷ ಮುನ್ಸೂಚನೆಗಳನ್ನು ಸಾರ್ವಜನಿಕರಿಗೆ ತಿಳಿಸದೆ ಸರ್ಕಾರದೊಳಗೇ ಗುಟ್ಟಾಗಿ ಇಡಲಾಯಿತು. ಮೋಡವನ್ನೂ ಹಿಮವನ್ನೂ ಚೆನ್ನಾಗಿ ಬಲ್ಲವನ ಊಹೆಯನ್ನು ಮಾತ್ರ ನಂಬಿ ಕೋಟಿಗಟ್ಟಲೆ ಜನರ ಅನ್ನದ ಪ್ರಶ್ನೆಯನ್ನು ನಿರ್ಣಯಿಸುವುದು ಸಲ್ಲದೆಂಬುದು ಈ ಸೋಲಿನಿಂದ ಎಲ್ಲರಿಗೂ ಮನವರಿಕೆಯಾಯಿತು.

ಇಷ್ಟರಲ್ಲಿ ಬೇರೆ ದಿಕ್ಕುಗಳಿಂದ ಕೆಲವು ಸುಳಿವುಗಳು ಬಂದಿದ್ದುವು. ದಕ್ಷಿಣ ಆಸ್ಟ್ರೇಲಿಯದ ಚಾರ್ಲ್ಸ್ ಟಾಡ್ ಎಂಬ ವೀಕ್ಷಕನು ತನ್ನ ದೇಶದ ದಾಖಲೆಗಳನ್ನು ಭಾರತದವುಗಳೊಡನೆ ಹೋಲಿಸಿ, ಎರಡೂ ದೇಶಗಳ ತೀವ್ರವಾದ ಬರಗಳು ಸಾಮಾನ್ಯವಾಗಿ ಒಟ್ಟೊಟ್ಟಿಗೆ ಬರುತ್ತವೆಂದು 1888ರಲ್ಲಿಯೇ ಹೇಳಿದ್ದನು. 1897ರಲ್ಲಿ ಸ್ವೀಡನ್ನಿನ ಹಿಲ್ಡೆಬ್ರಾಂಡ್‌ಸನ್, ಸಿಡ್ನಿಯಲ್ಲಿ ವಾಯುಭಾರ ಏರಿದಾಗ ಬ್ಯೂನಸ್ ಐರಿಸ್‌ನಲ್ಲಿ ಇಳಿಯುವುದನ್ನು ತೋರಿಸಿದನು. ಲಾಕಿಯರ್ ತಂದೆಮಕ್ಕಳು ಇನ್ನೂ ಹೆಚ್ಚಿನ ಸ್ಥಳಗಳ ಅಂಕಿಗಳಿಂದ ಅದನ್ನು ಸಮರ್ಥಿಸಿದರು. ಭೂಗೋಳದ ಎರಡು ಕಡೆಗಳಲ್ಲಿ ವಾತಾವರಣದ ತೂಕ ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯುತ್ತಿತ್ತು. ಆದರೆ ಈ ಏರಿಳಿತಕ್ಕೂ ನಮ್ಮ ಮಳೆಗೂ ಇರುವ ಸಂಬಂಧವನ್ನು ಅಳೆದು ತೋರಿಸುವವರು ಇನ್ನೂ ಬರಬೇಕಾಗಿತ್ತು.

1904ರಲ್ಲಿ ಇಲಾಖೆಯ ಮುಖ್ಯಸ್ಥನಾದ ಗಿಲ್ಬರ್ಟ್ ವಾಕರ್ ಕೇಂಬ್ರಿಜ್ಜಿನ ಗಣಿತಜ್ಞ. ಹವಾಮಾನಶಾಸ್ತ್ರದಲ್ಲಿ ಅವನಿಗೆ ಪೂರ್ವಾನುಭವವಿರಲಿಲ್ಲ. ಅನುಭವವಿಲ್ಲದಿರುವುದು ಅವನಿಗೆ ಒಂದು ವಿಧದಲ್ಲಿ ಅನುಕೂಲವೇ ಆಯಿತು. ಯಾವ ಸಿದ್ಧಾಂತವನ್ನೂ ಮೊದಲೇ ಹಿಡಿದುಕೊಳ್ಳದೆ, ಲೋಕದ ಎಲ್ಲ ಭಾಗಗಳ ವಾಯುಭಾರ, ಉಷ್ಣತೆ, ಮಳೆಗಳ ಅಂಕಿಗಳನ್ನು ಒಂದೆಡೆ ತಂದು, ಯಾವುದು ಯಾವುದರೊಡನೆ ಏರುತ್ತದೆ, ಯಾವುದು ಯಾವುದಕ್ಕೆ ವಿರುದ್ಧವಾಗಿ ಇಳಿಯುತ್ತದೆ ಎಂಬುದನ್ನು ಸಹಸಂಬಂಧದ ಗಣಿತದಿಂದ ಪರೀಕ್ಷಿಸಲು ಅವನು ತೊಡಗಿದನು. ಯಂತ್ರಗಳಿಲ್ಲದ ಆ ಕಾಲದಲ್ಲಿ ಸಿಮ್ಲಾದ ಕಚೇರಿಯ ಭಾರತೀಯ ಗುಮಾಸ್ತರು ಈ ಲೆಕ್ಕಗಳನ್ನೆಲ್ಲ ಕೈಯಿಂದಲೇ ಮಾಡಿದರು. ಒಂದು ಊರಿನ ನಲವತ್ತು ವರ್ಷಗಳ ಅಂಕಿಗಳಿಂದ ಸರಾಸರಿಯನ್ನು ಕಳೆದು, ಮತ್ತೊಂದು ಊರಿನ ವ್ಯತ್ಯಾಸಗಳೊಡನೆ ವರ್ಷ ವರ್ಷಕ್ಕೂ ಗುಣಿಸಿ, ಕೂಡಿಸಿ, ಭಾಗಿಸಿ, ಕೊನೆಗೆ ಒಂದೇ ಒಂದು ಸಂಖ್ಯೆಯನ್ನು ಪಡೆಯುವ ಈ ಪರಿಶ್ರಮವನ್ನು ಅವರು ಋತುವಿನಿಂದ ಋತುವಿಗೆ, ಊರಿನಿಂದ ಊರಿಗೆ ವರ್ಷಗಟ್ಟಲೆ ನಡೆಸಿದರು. ಅವರಲ್ಲಿ ಬಹುಪಾಲು ಜನರ ಹೆಸರು ಗ್ರಂಥಗಳಲ್ಲಿ ಕಾಣುವುದಿಲ್ಲವಾದರೂ, ಇಂದು ಲೋಕವೆಲ್ಲ ಒಪ್ಪುವ ಒಂದು ಸತ್ಯಕ್ಕೆ ಅಡಿಗಲ್ಲನ್ನು ಇಟ್ಟವರಲ್ಲಿ ಅವರೂ ಸೇರಿದ್ದಾರೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ವಾಕರನ ಮೊದಲ ಸೂತ್ರ ನಾಲ್ಕು ಅಂಶಗಳನ್ನು ಬಳಸಿತು: ಹಿಮಾಲಯದ ಹಿಮ, ಮಾರಿಷಸ್ಸಿನ ವಾಯುಭಾರ, ದಕ್ಷಿಣ ಅಮೆರಿಕದ ವಾಯುಭಾರ, ಜಂಜಿಬಾರಿನ ಮಳೆ. ಸಿಮ್ಲಾದಲ್ಲಿ ಕುಳಿತು ಬಿಜಾಪುರದ ಜೋಳದ ಗತಿಯನ್ನು ಊಹಿಸಬೇಕಾದವನು ಅರ್ಜೆಂಟೀನ ಮತ್ತು ಚಿಲಿ ದೇಶಗಳ ವಾಯುಭಾರಮಾಪಕಗಳನ್ನು ವಿಚಾರಿಸಬೇಕಾಯಿತು. ಈ ಅಂಕಿಗಳ ಸಮುದ್ರದಿಂದ ಮೂರು ಮಹಾ ಆಂದೋಲನಗಳು ಮೇಲೆದ್ದು ಕಾಣಿಸಿದುವು. ಎರಡು ಉತ್ತರದ ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳವು, ಮೂರನೆಯದು ಪೆಸಿಫಿಕ್ ಹಾಗೂ ಹಿಂದೂ ಮಹಾಸಾಗರಗಳ ನಡುವಣದು. 1924ರಲ್ಲಿ ವಾಕರ್ ಈ ಮೂರನೆಯದನ್ನು ದಕ್ಷಿಣಾಂದೋಲನವೆಂದು ಕರೆದನು. ಪೆಸಿಫಿಕ್ಕಿನ ನಡುವಣ ಟಹೀಟಿಯಲ್ಲಿ ವಾಯುಭಾರ ಇಳಿದಾಗ ಆಸ್ಟ್ರೇಲಿಯದ ಡಾರ್ವಿನ್ ಬಂದರಿನಲ್ಲಿ ಏರುತ್ತದೆ. ಡಾರ್ವಿನ್ನಿನಲ್ಲಿ ಏರಿದ ವರ್ಷ ಭಾರತದ ಮುಂಗಾರು ಕುಗ್ಗುವ ಸಂಭವ ಹೆಚ್ಚು. ಆದರೆ ಇದು ಏಕೆ ಹೀಗೆ ಎಂಬುದಕ್ಕೆ ಅವನಲ್ಲಿ ಕಾರಣವಿರಲಿಲ್ಲ, ಇದ್ದದ್ದು ಸಂಖ್ಯೆಗಳು ಮಾತ್ರ. ಆದಕಾರಣ ಸಮಕಾಲೀನರಲ್ಲಿ ಅನೇಕರು ಅವನನ್ನು ನಂಬಲಿಲ್ಲ. ಅದಕ್ಕಿಂತಲೂ ಹೆಚ್ಚಿನ ತೊಡಕೊಂದನ್ನು ಮುಂದೆ ಅವನ ಸ್ಥಾನಕ್ಕೆ ಬಂದ ಚಾರ್ಲ್ಸ್ ನಾರ್ಮಂಡ್ 1953ರಲ್ಲಿ ಎತ್ತಿ ತೋರಿಸಿದನು: ಭಾರತದ ಮಳೆಗೆ ದಕ್ಷಿಣಾಂದೋಲನದ ಹಿಂದಿನ ಸ್ಥಿತಿಗಿಂತ ಮುಂದಿನ ಸ್ಥಿತಿಯೊಡನೆಯೇ ನಂಟು ಗಾಢವಾದದ್ದು, ಎಂದರೆ ಮುಂಗಾರು ಲೋಕದ ಹವೆಯನ್ನು ಮುಂದಾಗಿ ಸೂಚಿಸುವುದೇ ಹೊರತು ತಾನು ಸುಲಭವಾಗಿ ಸೂಚಿತವಾಗುವುದಲ್ಲ. ಬರವನ್ನು ಮೊದಲೇ ತಿಳಿಯಬೇಕೆಂದು ಹೊರಟ ಅನ್ವೇಷಣೆ ಲೋಕವ್ಯಾಪಿಯಾದ ಒಂದು ವ್ಯವಸ್ಥೆಯನ್ನು ಕಂಡಿತು, ಆದರೆ ಹೊರಟ ಉದ್ದೇಶವನ್ನು ಮುಟ್ಟಲಿಲ್ಲ.

ಕಾರಣದ ಎಳೆ ದೊರೆತದ್ದು ಕಡಲಿನಲ್ಲಿ. ಪೆರು ದೇಶದ ಕರಾವಳಿಯ ಮೀನುಗಾರರು ಕೆಲವು ವರ್ಷ ಕ್ರಿಸ್‌ಮಸ್ ಸುಮಾರಿಗೆ ನೀರು ಬೆಚ್ಚಗಾಗಿ ಮೀನು ಕಾಣೆಯಾಗುವುದನ್ನು ಬಹುಕಾಲದಿಂದ ಬಲ್ಲವರಾಗಿದ್ದು, ಅದನ್ನು ಎಲ್ ನಿನೊ ಎಂದು ಕರೆಯುತ್ತಿದ್ದರು. ಅಂತರರಾಷ್ಟ್ರೀಯ ಭೂಭೌತ ವರ್ಷದ ವೀಕ್ಷಣೆಗಳು ನಡೆಯುತ್ತಿದ್ದ 1957-58ರಲ್ಲಿಯೇ ಪ್ರಬಲವಾದ ಒಂದು ಎಲ್ ನಿನೊ ಉಂಟಾಗಿ, ಆ ಬಿಸುಪು ಪೆರುವಿನ ದಡಕ್ಕೆ ಮಾತ್ರ ಸೇರಿದ್ದಲ್ಲವೆಂದೂ ಪೆಸಿಫಿಕ್ಕಿನ ನಡುವಿನವರೆಗೆ ಸಾವಿರಾರು ಮೈಲಿ ಹಬ್ಬುವುದೆಂದೂ ತಿಳಿಯಿತು. ಕ್ಯಾಲಿಫೋರ್ನಿಯದಲ್ಲಿ ನೆಲಸಿದ್ದ ನಾರ್ವೆ ಮೂಲದ ಜೇಕಬ್ ಬ್ಯರ್ಕ್‌ನೆಸ್ 1969ರಲ್ಲಿ ವಾಕರನ ದಕ್ಷಿಣಾಂದೋಲನ ಮತ್ತು ಎಲ್ ನಿನೊ ಎಂಬ ಎರಡು ಎಳೆಗಳನ್ನೂ ಒಂದುಗೂಡಿಸಿದನು. ಸಾಮಾನ್ಯವಾಗಿ ಪೆಸಿಫಿಕ್ಕಿನ ಪಶ್ಚಿಮದಲ್ಲಿ, ಇಂಡೊನೇಷಿಯದ ಸುತ್ತ, ಬೆಚ್ಚನೆಯ ನೀರಿನ ಮೇಲೆ ಗಾಳಿ ಮೇಲೇರಿ ಮೋಡಗಟ್ಟಿ ಮಳೆ ಸುರಿಸಿ, ಎತ್ತರದಲ್ಲಿ ಪೂರ್ವಕ್ಕೆ ಸಾಗಿ, ತಣ್ಣನೆಯ ಪೂರ್ವ ಪೆಸಿಫಿಕ್ಕಿನ ಮೇಲೆ ಇಳಿದು, ಮತ್ತೆ ಪಶ್ಚಿಮಕ್ಕೆ ಬೀಸುತ್ತದೆ. ಪೂರ್ವದ ನೀರು ಬೆಚ್ಚಗಾದಾಗ ಈ ಗಾಳಿ ಬಲಗುಂದಿ, ಬಲಗುಂದಿದ ಗಾಳಿಯಿಂದ ನೀರು ಇನ್ನಷ್ಟು ಬೆಚ್ಚಗಾಗಿ, ಮೇಲೇರುವ ಗಾಳಿಯ ನೆಲೆಯೇ ಪೂರ್ವಕ್ಕೆ ಜಾರುತ್ತದೆ. ಆಗ ಇಂಡೊನೇಷಿಯದ ಕಡೆ ಗಾಳಿ ಇಳಿಯತೊಡಗಿ, ಆ ಇಳಿತದ ಪ್ರಭಾವ ಭಾರತದವರೆಗೂ ಚಾಚಿ ಮೋಡಗಳನ್ನು ಅಡಗಿಸುತ್ತದೆ. ಈ ಚಕ್ರಕ್ಕೆ ಬ್ಯರ್ಕ್‌ನೆಸ್ ವಾಕರನ ಹೆಸರನ್ನೇ ಇಟ್ಟನು; 1958ರಲ್ಲಿ ತೀರಿಕೊಂಡ ವಾಕರನಿಗೆ ಆ ಮನ್ನಣೆಯನ್ನು ನೋಡುವ ಭಾಗ್ಯವಿರಲಿಲ್ಲ. 1980ರ ಸುಮಾರಿಗೆ ಭಾರತದ ಡಿ. ಆರ್. ಸಿಕ್ಕಾ ಎಲ್ ನಿನೊ ವರ್ಷಗಳಿಗೂ ನಮ್ಮ ಮಳೆಯ ಕೊರತೆಗೂ ಇರುವ ನಂಟನ್ನು ದಾಖಲೆಗಳಿಂದ ಸ್ಥಾಪಿಸಿದರು. 1877, 1899, 1918, 1965, 1972, 1987 ಎಂಬ ಬರದ ವರ್ಷಗಳ ಪಟ್ಟಿಗೆ ಹೀಗೆ ಒಂದು ಅರ್ಥ ಬಂದಿತು.

ಆದರೆ ರೈತನ ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿತ್ತು. ವರ್ಷದ ಮೊತ್ತ ಸರಿಯಾಗಿದ್ದರೂ ನಡುವೆ ಮಳೆ ಎರಡು ಮೂರು ವಾರ ಏಕೆ ನಿಲ್ಲುತ್ತದೆ? ಇದಕ್ಕೆ ಉತ್ತರದ ಒಂದು ಭಾಗ ದೊರೆತದ್ದು ಯಾರೂ ನಿರೀಕ್ಷಿಸದ ಜಾಗದಲ್ಲಿ, ಪೆಸಿಫಿಕ್ಕಿನ ನಡುವಣ ಕ್ಯಾಂಟನ್ ಎಂಬ ಪುಟ್ಟ ದ್ವೀಪದಲ್ಲಿ. ಅಲ್ಲಿ ಸುಮಾರು ಹತ್ತು ವರ್ಷಗಳ ಕಾಲ ಬಲೂನುಗಳಿಂದ ಅಳೆದ ಗಾಳಿಯ ಅಂಕಿಗಳನ್ನು 1971ರಲ್ಲಿ ಪರಿಶೀಲಿಸಿದ ಅಮೆರಿಕದ ರೋಲಂಡ್ ಮ್ಯಾಡನ್ ಮತ್ತು ಪಾಲ್ ಜೂಲಿಯನ್, ಸುಮಾರು ನಲವತ್ತರಿಂದ ಐವತ್ತು ದಿನಗಳಿಗೊಮ್ಮೆ ಗಾಳಿಯೂ ವಾಯುಭಾರವೂ ಲಯಬದ್ಧವಾಗಿ ಬದಲಾಗುವುದನ್ನು ಕಂಡರು; ಮರುವರ್ಷ ಈ ಆಂದೋಲನ ಸಮಭಾಜಕ ವೃತ್ತದ ಗುಂಟ ಪೂರ್ವಾಭಿಮುಖವಾಗಿ ಭೂಮಂಡಲವನ್ನೇ ಸುತ್ತುವುದೆಂದು ತೋರಿಸಿದರು. ಹಿಂದೂ ಮಹಾಸಾಗರದ ಮೇಲೆ ಅದು ದಟ್ಟವಾದ ಮೋಡಗಳ ಸಮೂಹವಾಗಿ ಪ್ರಕಟವಾಗುತ್ತದೆ. 1979ರಲ್ಲಿ ಜಪಾನಿನ ಯಾಸುನಾರಿಯೂ 1980ರಲ್ಲಿ ಸಿಕ್ಕಾ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳರೂ ಉಪಗ್ರಹಗಳ ಚಿತ್ರಗಳನ್ನು ದಿನದಿನಕ್ಕೆ ಅನುಸರಿಸಿ, ಬೇಸಗೆಯಲ್ಲಿ ಈ ಮೋಡಗಳ ಪಟ್ಟಿ ಸಮಭಾಜಕದ ಕಡಲಿನಿಂದ ಉತ್ತರಕ್ಕೆ ಸರಿಯುತ್ತ ನಮ್ಮ ನೆಲವನ್ನು ಸೇರುವುದನ್ನು ನಿರೂಪಿಸಿದರು. ಪಟ್ಟಿ ಬಂದು ನೆಲೆಸಿದಾಗ ಮಳೆ ಹಿಡಿಯುತ್ತದೆ. ಅದು ಹಿಮಾಲಯದ ತಪ್ಪಲಿಗೆ ಸರಿದು ಮುಂದಿನದು ಇನ್ನೂ ಕಡಲಿನ ಮೇಲಿರುವಾಗ ಮಲೆನಾಡಿಗೂ ಮಧ್ಯಭಾರತಕ್ಕೂ ಹೊಳವು, ಎಂದರೆ ಮಳೆಯ ಬಿಡುವು. ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಲ್ಲಿ ಮಳೆಯನ್ನು ಎಣಿಸಿದ ನಮ್ಮ ರೈತನು ಅಳೆಯುತ್ತಿದ್ದುದು ಈ ಬರವು ಹೋಗುಗಳ ಪರಿಣಾಮವನ್ನೇ ಎಂದು ಹೇಳಿದರೆ ಅತಿಶಯವಾಗಲಾರದು.

ಎರಡು ಆಂದೋಲನಗಳು ಕೈವಶವಾದುವೆಂದು ತೋರಿದಾಗ 1997 ಬಂದಿತು. ಶತಮಾನದ ಅತಿ ಪ್ರಬಲವಾದ ಎಲ್ ನಿನೊಗಳಲ್ಲೊಂದು ಪೆಸಿಫಿಕ್ಕಿನಲ್ಲಿ ಬೆಳೆಯುತ್ತಿರಲು ಎಲ್ಲರೂ ಬರವನ್ನು ನಿರೀಕ್ಷಿಸಿದರು. ಮಳೆ ವಾಡಿಕೆಯಷ್ಟೇ ಆಯಿತು. ಐದು ವರ್ಷಗಳ ತರುವಾಯ, 2002ರಲ್ಲಿ, ಎಲ್ ನಿನೊ ಅಷ್ಟೇನೂ ಬಲವಾಗಿರಲಿಲ್ಲ. ಹದಿನಾರು ಅಂಶಗಳನ್ನು ಬಳಸುತ್ತಿದ್ದ ಅಧಿಕೃತ ಮುನ್ಸೂಚನೆಯೂ ವಾಡಿಕೆಯ ಮಳೆಯನ್ನೇ ಹೇಳಿತ್ತು. ಆದರೆ ಜುಲೈ ತಿಂಗಳ ಮಳೆ ದೇಶದಲ್ಲಿ ಹೆಚ್ಚುಕಡಮೆ ಅರ್ಧಕ್ಕೆ ಇಳಿದು, ಋತುವಿನ ಕೊರತೆ ನೂರಕ್ಕೆ 19ರಷ್ಟಾಯಿತು. ಒಂದು ಶತಮಾನದ ಹಿಂದಣ ಎಲಿಯಟನ ಸೋಲಿನಂತೆಯೇ ಈ ಎರಡು ಸೋಲುಗಳೂ ಫಲ ಕೊಟ್ಟುವು. ಈ ಬಾರಿ ದೃಷ್ಟಿ ಹೊರಳಿದ್ದು ನಮ್ಮದೇ ಸಾಗರದ ಕಡೆಗೆ. 1999ರಲ್ಲಿ ಸಜಿ, ಯಮಗಾಟ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಗೋಸ್ವಾಮಿ, ಮುಂದೆ ಅದೇ ಸಂಸ್ಥೆಯ ಅಧ್ಯಾಪಕರಾದ ವಿನಯಚಂದ್ರನ್ ಇವರು, ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ ಸುಮಾತ್ರದ ಕಡೆ ತಣ್ಣಗಾಗುವ ಮತ್ತು ಅದರ ವಿಪರ್ಯಯವಾಗುವ ದ್ವಿಧ್ರುವವನ್ನು ವರ್ಣಿಸಿದರು. ಗಾಡ್ಗೀಳರೂ ಅವರ ಸಹಚರರೂ 2004ರಲ್ಲಿ ಅದೇ ಸಮಭಾಜಕ ಕಡಲಿನ ಮೇಲಣ ಮೋಡ ಮತ್ತು ಗಾಳಿಗಳ ಆಂದೋಲನವೇ ನಮ್ಮ ಮಳೆಗೆ ಹೆಚ್ಚು ಹತ್ತಿರದ ನಂಟುಳ್ಳದ್ದೆಂದು ತೋರಿಸಿದರು. ಪಶ್ಚಿಮದಲ್ಲಿ ಮೋಡ ದಟ್ಟೈಸಿದ್ದ 1997ರಲ್ಲಿ ಈ ಕಡಲು ಪೆಸಿಫಿಕ್ಕಿನ ಪೀಡೆಯನ್ನು ತಡೆಯಿತು. ಪೂರ್ವದಲ್ಲಿ ದಟ್ಟೈಸಿದ್ದ 2002ರಲ್ಲಿ ಎರಡೂ ಪ್ರತಿಕೂಲಗಳು ಕೂಡಿಕೊಂಡುವು.

ಇವೆಲ್ಲದರ ಫಲ ನಮ್ಮ ನಾಡಿನಲ್ಲಿ ಎಲ್ಲೆಡೆಯೂ ಒಂದೇ ಆಗಿರುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯೂ 500ರ ಆಸುಪಾಸಿನಲ್ಲಿ ಬದುಕುವ ಚಳ್ಳಕೆರೆಯೂ ಒಂದೇ ರಾಜ್ಯದಲ್ಲಿವೆ. ನೈಋತ್ಯದ ಗಾಳಿ ಬಲವಾದಾಗ ಸಹ್ಯಾದ್ರಿಯ ಪಶ್ಚಿಮದ ಇಳುಕಲು ನೆನೆಯುತ್ತದೆ, ಪೂರ್ವದ ಬಯಲಿಗೆ ಆ ಗಾಳಿ ನೀರನ್ನು ಕಳೆದುಕೊಂಡು ತಲುಪುತ್ತದೆ. ಮಲೆನಾಡಿಗೆ ಹೊಳವಾದ ದಿನಗಳಲ್ಲಿ ಗಾಳಿ ತಗ್ಗಿ, ದಕ್ಷಿಣ ಒಳನಾಡಿನ ಕೆಲವೆಡೆ ಸಂಜೆಯ ಗುಡುಗುಮಳೆ ಬೀಳುವುದುಂಟು. ಮುಂಗಾರಿಗೆ ಹಗೆಯಾದ ಎಲ್ ನಿನೊ ದಕ್ಷಿಣದ ಹಿಂಗಾರನ್ನು ಹೆಚ್ಚಿಸುವ ಒಲವುಳ್ಳದ್ದು. ಆದುದರಿಂದ ದೇಶಕ್ಕೆ ಇಷ್ಟು ಮಳೆ ಎಂಬ ಒಂದೇ ಅಂಕಿಯಿಂದ ಪಾವಗಡದ ರೈತನಿಗೆ ಆಗುವ ಉಪಕಾರ ಅತ್ಯಲ್ಪ.

ಆ ಪಾವಗಡದಲ್ಲಿಯೇ ಈ ಚರಿತ್ರೆಯ ಒಂದು ಸಾರ್ಥಕವಾದ ಅಧ್ಯಾಯ ನಡೆಯಿತು. ಕೆಂಪು ಮಣ್ಣಿನ ಆ ಒಣನೆಲದಲ್ಲಿ ಮಳೆಯನ್ನೇ ನಂಬಿ ಶೇಂಗಾ ಬಿತ್ತುವ ರೈತರೊಡನೆ ಕುಳಿತು ಗಾಡ್ಗೀಳರೂ ಅವರ ಸಂಗಡಿಗರೂ ಅವರ ಪ್ರಶ್ನೆಗಳನ್ನೇ ತಮ್ಮ ಸಂಶೋಧನೆಯ ಪ್ರಶ್ನೆಗಳನ್ನಾಗಿ ಮಾಡಿಕೊಂಡರು. ಕಾಯಿ ಕಟ್ಟಿ ಬಲಿಯುವ ಕಾಲಕ್ಕೆ ಹೊಳವು ಬಿದ್ದರೆ ಗಿಡ ಹಸಿರಾಗಿದ್ದೂ ಕೈಗೆ ಏನೂ ದಕ್ಕುವುದಿಲ್ಲ; ಆದಕಾರಣ ಎಂದು ಬಿತ್ತಿದರೆ ಆ ಅಪಾಯ ಕಡಮೆ ಎಂಬುದನ್ನು ಹಲವು ದಶಕಗಳ ಮಳೆಯ ದಾಖಲೆಗಳನ್ನು ಬೆಳೆಯ ಬೆಳವಣಿಗೆಯ ಗಣನೆಯೊಡನೆ ಜೋಡಿಸಿ ಅವರು ವಿಚಾರಿಸಿದರು. ರೈತನ ಅನುಭವವನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ, ವಿಜ್ಞಾನದ ಅಂಕಿಗಳನ್ನು ದೇವವಾಕ್ಯವೆಂದೂ ಭಾವಿಸದೆ, ಎರಡನ್ನೂ ಒಂದೇ ಹೊಲದಲ್ಲಿ ಪರೀಕ್ಷೆಗೊಡ್ಡಿದ ಈ ಕ್ರಮ ಬಹಳ ದೊಡ್ಡದು.

ಇಂದು ಗಣಕಯಂತ್ರಗಳು ಕಡಲು ಮತ್ತು ವಾತಾವರಣಗಳನ್ನು ಒಟ್ಟಾಗಿ ಗಣಿಸುತ್ತವೆ. ಪೂರ್ವಕ್ಕೆ ಸಾಗುವ ಆಂದೋಲನವನ್ನು ಹಿಂಬಾಲಿಸಿ ಎರಡು ಮೂರು ವಾರಗಳ ಮುಂಚೆಯೇ ಹೊಳವಿನ ಸೂಚನೆಯನ್ನು ಕೊಡುವ ಪ್ರಯತ್ನ ನಡೆದಿದೆ. ಆದರೆ ಯಾವ ಒಂದು ಆಂದೋಲನವೂ ಮುಂಗಾರಿನ ಪೂರ್ಣ ಕಾರಣವಲ್ಲ. ಒಂದನ್ನೇ ನೆಚ್ಚಿದ ಪ್ರತಿಯೊಬ್ಬರೂ ಒಂದಲ್ಲ ಒಂದು ವರ್ಷ ಸೋತಿದ್ದಾರೆ. ಹೀಗಿರುವಾಗ ಮುನ್ಸೂಚನೆಯನ್ನು ಕೇಳುವ ನಾವು ಖಚಿತವಾದ ಭವಿಷ್ಯವಾಣಿಯನ್ನು ಅಪೇಕ್ಷಿಸದೆ ಸಂಭವದ ಪ್ರಮಾಣವನ್ನು ಅರ್ಥಮಾಡಿಕೊಳ್ಳುವುದನ್ನು ಕಲಿಯಬೇಕು; ಅದನ್ನು ಕೊಡುವವರು ದೇಶದ ಮೊತ್ತದಲ್ಲಿ ತೃಪ್ತರಾಗದೆ ತಾಲ್ಲೂಕಿನ ಬಿತ್ತನೆಯವರೆಗೆ ತಮ್ಮ ಜ್ಞಾನವನ್ನು ಇಳಿಸಬೇಕು; ಆಳುವವರು ಸೂಚನೆ ತಪ್ಪಿದ ವರ್ಷಕ್ಕೂ ಸಾಲುವಷ್ಟು ಕೆರೆಯ ನೀರನ್ನೂ ಕಣಜದ ಕಾಳನ್ನೂ ಕಾಪಾಡಿಕೊಂಡಿರಬೇಕು. ಧಾತು ಈಶ್ವರ ಸಂವತ್ಸರಗಳಲ್ಲಿ ಮಳೆ ಸೋತದ್ದು ಪೆಸಿಫಿಕ್ಕಿನ ಪ್ರಭಾವದಿಂದ ಇರಬಹುದು. ಲಕ್ಷಗಟ್ಟಲೆ ಜನ ಸತ್ತದ್ದು ಕಾಲಕ್ಕೆ ಸರಿಯಾಗಿ ಅನ್ನ ತಲುಪದುದರಿಂದ. ಮೊದಲನೆಯದನ್ನು ತಡೆಯುವ ಶಕ್ತಿ ನಮಗಿಲ್ಲ, ಎರಡನೆಯದನ್ನು ತಡೆಯುವ ಹೊಣೆ ನಮ್ಮದು. ಒಂದೂವರೆ ಶತಮಾನದ ಈ ಜ್ಞಾನಾರ್ಜನೆಯ ಬೆಲೆ ನಿರ್ಣಯವಾಗುವುದು ಆ ಹೊಣೆಯನ್ನು ನಾವು ಎಷ್ಟರಮಟ್ಟಿಗೆ ನಿರ್ವಹಿಸುತ್ತೇವೆ ಎಂಬುದರಿಂದಲೇ.